ಗೋಡೆ ಬೀಳದೆ ಕೈ ಬದಲಿಸಿದ ಕೋಟೆ: ಮಡಿಕೇರಿ ಅರಮನೆಯ ಒಂದು ಪ್ರಕರಣ

ನಾನು ಮಡಿಕೇರಿ ಅರಮನೆಯನ್ನು ಮೊದಲು ನೋಡಿದಾಗ ಅದು ಸರ್ಕಾರಿ ಕಚೇರಿಯಾಗಿತ್ತು. ಜುಲೈ ತಿಂಗಳ ಮಳೆ. ಅಪ್ಪನ ಕಂಕುಳಲ್ಲಿ ಜಮ್ಮಾ ಜಾಗದ, ಅಂದರೆ ಮನೆತನಕ್ಕೆ ತಲೆಮಾರಿನಿಂದ ಬಂದ ಜಮೀನಿನ ಕಾಗದಗಳ ಚೀಲ, ನನ್ನ ಕೈಯಲ್ಲಿ ಕೊಡೆ. ಕೋಟೆ ಬಾಗಿಲು ದಾಟಿ, ಒಮ್ಮೆ ತಿರುಗಿ, ಮತ್ತೊಮ್ಮೆ ತಿರುಗಿ ಒಳಗೆ ಬಂದರೆ ಎದುರಿಗೆ ದೊಡ್ಡ ಎರಡಂತಸ್ತಿನ ಮನೆ. ಜಗಲಿಯಲ್ಲಿ ಕಡತಗಳ ಕಟ್ಟು, ಬೆಂಚಿನ ಮೇಲೆ ನೆನೆದು ಕೂತ ಜನ. "ಇದು ರಾಜರ ಮನೆ ಮಗಾ" ಎಂದರು ಅಪ್ಪ. ನನಗೆ ನಂಬಿಕೆ ಬರಲಿಲ್ಲ. ರಾಜರ ಮನೆಯೊಳಗಿಂದ ಟೈಪ್‌ರೈಟರ್ ಸದ್ದು ಯಾಕೆ ಬರುತ್ತದೆ ಎಂದು ಕೇಳಿದ್ದೆ.

ಅಪ್ಪನ ಚೀಲದಲ್ಲಿದ್ದ ಕಾಗದಕ್ಕೂ ಆ ಕಟ್ಟಡಕ್ಕೂ ಎಷ್ಟು ಹಳೆಯ ನಂಟಿದೆ ಎಂದು ಗೊತ್ತಾಗಿದ್ದು ತುಂಬಾ ವರ್ಷಗಳ ಮೇಲೆ. ಈ ಬರಹ ಆ ನಂಟಿನ ಬಗ್ಗೆ. ಬೆಟ್ಟದ ಮೇಲಿನ ಊರಿನಲ್ಲಿ, ಕೋಟೆಯೊಳಗೆ ಅರಮನೆ ಕಟ್ಟಿಕೊಂಡ ಒಬ್ಬ ಅರಸನನ್ನು ಕಾಯುತ್ತಿದ್ದದ್ದು ಏನು? ಗೋಡೆಯಾ? ಮಡಿಕೇರಿಯ ಕತೆಯನ್ನು ನೋಡಿದರೆ ಹಾಗೆ ಹೇಳಲು ಆಗುವುದಿಲ್ಲ. ಈ ಕೋಟೆ 1790ರಲ್ಲಿ ಒಮ್ಮೆ, 1834ರಲ್ಲಿ ಇನ್ನೊಮ್ಮೆ ಕೈ ಬದಲಿಸಿತು. ಎರಡು ಸಲವೂ ಗೋಡೆ ಗಟ್ಟಿಯಾಗಿಯೇ ನಿಂತಿತ್ತು.

ಊರು, ಕೋಟೆ

ಕೊಡಗನ್ನು ಆಳುತ್ತಿದ್ದ ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ತನ್ನ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದ. ಅವನ ಹೆಸರಿನಿಂದ ಮುದ್ದುರಾಜಕೇರಿ, ಅದೇ ಬಾಯಲ್ಲಿ ಸವೆದು ಮಡಿಕೇರಿ. ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಸುತ್ತ ಕಣಿವೆ, ಕಾಡು, ವರ್ಷದ ಅರ್ಧದಷ್ಟು ದಿನ ಮಂಜು. ಮುದ್ದುರಾಜ ಕಟ್ಟಿಸಿದ ಕೋಟೆಯೂ ಅರಮನೆಯೂ ಮಣ್ಣಿನವು. ಮಣ್ಣು ಎಂದರೆ ಹಗುರವಾಗಿ ನೋಡಬೇಡಿ. ಈ ಸೀಮೆಯ ಕೆಮ್ಮಣ್ಣನ್ನು ಚೆನ್ನಾಗಿ ತುಳಿದು ಎಬ್ಬಿಸಿದ ಗೋಡೆ ನೂರು ಮಳೆಗಾಲ ತಡೆಯುತ್ತದೆ, ತಲೆಯ ಮೇಲೆ ಮಾಡು ಇರಬೇಕು ಅಷ್ಟೇ. ಈ ಮಾಡಿನ ಮಾತು ಮುಂದೆ ಮತ್ತೆ ಬರುತ್ತದೆ.

ಕೋಟೆಗೆ ಕಲ್ಲಿನ ಮೈ ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟದ್ದೂ ಅವನೇ. ಮೇಲಿಂದ ನೋಡಿದರೆ ಕೋಟೆ ಓರೆಕೋರೆಯ ಆರು ಮೂಲೆಯದು. ಗುಡ್ಡದ ತಲೆ ಹೇಗಿದೆಯೋ ಗೋಡೆಯೂ ಹಾಗೇ ಸುತ್ತಿದೆ. ಆರು ಮೂಲೆಗೆ ಆರು ದುಂಡು ಬುರುಜು. ಬಾಗಿಲು ಪೂರ್ವಕ್ಕೆ. ಆ ಬಾಗಿಲು ನೇರವಾಗಿ ಒಳಗೆ ಬಿಡುವುದಿಲ್ಲ, ಸುತ್ತಿ ಬಳಸಿ ಹೋಗಬೇಕು. ನಾನು ಚಿಕ್ಕವನಿದ್ದಾಗ ಎರಡು ಸಲ ತಿರುಗಿದ್ದೆ ಅಂದೆನಲ್ಲ, ಅದು ಸುಮ್ನೆ ಮಾಡಿದ್ದಲ್ಲ. ನುಗ್ಗಿ ಬರುವ ಆನೆಗೆ, ಓಡಿ ಬರುವ ದಂಡಿಗೆ ತಿರುವಿನಲ್ಲಿ ವೇಗ ಕಡಿಮೆಯಾಗಬೇಕು. ಆಗ ಮೇಲಿದ್ದವನಿಗೆ ಗುರಿ ಸಿಗುತ್ತದೆ.

ಚಿತ್ರದುರ್ಗ ನೋಡಿದವರಿಗೆ ಮಡಿಕೇರಿ ಕೋಟೆ ಚಿಕ್ಕದಾಗಿ ಕಾಣುತ್ತದೆ. ನಿಜವೇ. ಅಲ್ಲಿ ಏಳು ಸುತ್ತು, ಬಂಡೆಗಳೇ ಅರ್ಧ ಗೋಡೆ, ಹೊಂಡದಿಂದ ಹೊಂಡಕ್ಕೆ ಇಳಿಯುವ ನೀರು. ಇಲ್ಲಿ ಒಂದೇ ಸುತ್ತು. ಇಷ್ಟು ಸಣ್ಣ ಕೋಟೆಯನ್ನು ನಂಬಿ ಒಂದು ವಂಶ ನೂರೈವತ್ತು ವರ್ಷ ಇಲ್ಲಿಂದ ಹೇಗೆ ಆಳಿತು?

ಕೋಟೆಗಿಂತ ದೊಡ್ಡ ಕೋಟೆ

ಅದಕ್ಕೆ ಉತ್ತರ ಕೋಟೆಯ ಹೊರಗಿದೆ. ಕೊಡಗಿನಲ್ಲಿ ತೋಟ ಸುತ್ತುವವರಿಗೆ ಕಡಂಗ ಗೊತ್ತಿರುತ್ತದೆ. ಗುಡ್ಡದಿಂದ ಗುಡ್ಡಕ್ಕೆ ಹರಿಯುವ ಆಳವಾದ ಅಗಳು, ಪಕ್ಕದಲ್ಲಿ ತೆಗೆದ ಮಣ್ಣಿನ ಏರಿ. ಕೆಲವು ಕಡೆ ಇಳಿದು ನಿಂತರೆ ಎರಡಾಳು ಮೂರಾಳು ಆಳ. ಎಷ್ಟೋ ಕಡಂಗಗಳು ಹಾಲೇರಿ ಅರಸರಿಗಿಂತ ಹಳೆಯವು. ಕಣಿವೆ ದಾರಿಗಳಲ್ಲಿ ಉಕ್ಕಡ, ಅಂದರೆ ಕಾವಲುಕಟ್ಟೆ. ಮನೆಗಳೂ ಹಾಗೇ. ಐನ್‌ಮನೆಗೆ, ಅಂದರೆ ಮನೆತನದ ಮೂಲ ಮನೆಗೆ, ಹೋಗುವ ಓಣಿ ಎರಡು ಬದಿ ಎತ್ತರದ ಮಣ್ಣಿನ ಗೋಡೆಯ ನಡುವೆ ಡೊಂಕಾಗಿ ಏರುತ್ತದೆ. ಮನೆ ಗದ್ದೆಯ ಮೇಲಿನ ದಿಣ್ಣೆಯಲ್ಲಿ ಕೂತು ಕೆಳಗೆ ಬರುವವರನ್ನೆಲ್ಲ ನೋಡುತ್ತಿರುತ್ತದೆ. ಪ್ರತಿ ಐನ್‌ಮನೆಯೂ ಒಂದು ಪುಟ್ಟ ಕೋಟೆ. ಅರಮನೆಯ ಗೋಡೆ ಇವೆಲ್ಲದರ ಕೊನೆಯ ಸುತ್ತು.

ಆದರೆ ಕಡಂಗ ತಾನಾಗಿ ಯಾರನ್ನೂ ತಡೆಯುವುದಿಲ್ಲ. ಅದರೊಳಗೆ ಕೋವಿ ಹಿಡಿದು ಮಲಗುವ ಜನ ಬೇಕು. ಆ ಜನ ಬರುತ್ತಿದ್ದದ್ದು ಜಮ್ಮಾದಿಂದ. ಒಂದು ಮನೆತನಕ್ಕೆ ವಂಶಪಾರಂಪರ್ಯವಾಗಿ ಗದ್ದೆ, ಜೊತೆಗೆ ಬಾಣೆ, ಅಂದರೆ ಗದ್ದೆಗೆ ಸೇರಿದ ಕಾಡು ಜಾಗ. ಕಂದಾಯ ಬೇರೆಯವರಿಗಿಂತ ಕಡಿಮೆ. ಅದಕ್ಕೆ ಬದಲಾಗಿ ಕರೆ ಬಂದಾಗ ಆ ಮನೆಯ ಗಂಡಸರು ದಂಡಿಗೆ ಹೋಗಬೇಕು, ಕಾವಲಿಗೆ ನಿಲ್ಲಬೇಕು, ಅರಸನ ಚಾಕರಿ ಮಾಡಬೇಕು. ಊಳಿಗಮಾನ್ಯ ಎಂದು ಪುಸ್ತಕದಲ್ಲಿ ಓದುತ್ತೇವಲ್ಲ, ಅದು ನಮ್ಮ ಕಡೆ ಇದ್ದದ್ದು ಈ ರೂಪದಲ್ಲಿ. ಅರಸನಿಗೆ ದೊಡ್ಡ ಸಂಬಳದ ಸೈನ್ಯ ಬೇಕಿರಲಿಲ್ಲ. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವನೇ ಸೈನಿಕ.

ಈ ಏರ್ಪಾಟಿನ ಬಲವೂ ದುರ್ಬಲತೆಯೂ ಒಂದೇ. ಜನ ಒಪ್ಪಿದರೆ ಇಡೀ ನಾಡೇ ಕೋಟೆ. ಜನ ಕೈ ಬಿಟ್ಟರೆ ಉಳಿಯುವುದು ಗುಡ್ಡದ ಮೇಲಿನ ಒಂದು ಸುತ್ತು ಕಲ್ಲು.

1790: ಹಸಿದ ಕೋಟೆ

1780ರಲ್ಲಿ ಅರಸ ಲಿಂಗರಾಜ ತೀರಿಕೊಂಡ. ಹೈದರ್ ಅಲಿ ನಾಡನ್ನು ತನ್ನ ಕೈಗೆ ತೆಗೆದುಕೊಂಡ. ರಾಜಕುಮಾರರು ಸೆರೆಯಾದರು, ಮುಂದೆ ಅವರನ್ನು ಪಿರಿಯಾಪಟ್ಟಣದಲ್ಲಿ ಇಟ್ಟರು. ಕೊಡಗಿನವರು ಮತ್ತೆ ಮತ್ತೆ ದಂಗೆ ಎದ್ದರು. ಟಿಪ್ಪು ಬಂದು ಸಾವಿರಾರು ಜನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಆ ನೋವು ನಮ್ಮ ಕಡೆಯ ಮನೆಗಳ ನೆನಪಿನಲ್ಲಿ ಇವತ್ತೂ ಇದೆ.

1788ರ ಕೊನೆಗೆ ಆ ರಾಜಕುಮಾರರಲ್ಲಿ ಒಬ್ಬನಾದ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದ. ಬಂದವನಿಗೆ ಕೋಟೆ ಇರಲಿಲ್ಲ, ಅರಮನೆ ಇರಲಿಲ್ಲ. ಇದ್ದದ್ದು ಕಾಡು ಮತ್ತು ಜಮ್ಮಾದ ಜನ. ಮಡಿಕೇರಿ ಕೋಟೆಯಲ್ಲಿ ಜಾಫರ್ ಅಲಿ ಬೇಗ್ ಎಂಬ ಕಿಲ್ಲೇದಾರ ಟಿಪ್ಪುವಿನ ಪಡೆ ಇಟ್ಟುಕೊಂಡು ಕೂತಿದ್ದ. ಸುತ್ತಲಿನ ನಾಡೆಲ್ಲ ರಾಜನ ಕಡೆ. ಕೋಟೆಯೊಳಗಿದ್ದವರಿಗೆ ಗೋಡೆಯೇ ಸೆರೆಮನೆಯಾಯಿತು.

ಇಲ್ಲಿ ನಡೆದ ಒಂದು ಸಂಗತಿಯನ್ನು ನಾನು ಎಷ್ಟು ಸಲ ಓದಿದರೂ ಸಾಲದು. ಕೋಟೆಗೆ ದವಸ ತಲುಪಿಸಲು ಟಿಪ್ಪು ಕಾದರ್ ಖಾನ್ ಎಂಬ ಸರದಾರನನ್ನು ಕಳಿಸಿದ. ರಾಜನ ಜನ ದಾರಿಯಲ್ಲೇ ಅವನನ್ನು ಸುತ್ತುಗಟ್ಟಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವನ ಕತೆ ಮುಗಿಯುತ್ತಿತ್ತು. ಆದರೆ ರಾಜ ಪಿರಿಯಾಪಟ್ಟಣದ ಸೆರೆಯಲ್ಲಿದ್ದಾಗ ಈ ಕಾದರ್ ಖಾನ್ ಅವನ ಮನೆಯವರಿಗೆ ಉಪಕಾರ ಮಾಡಿದ್ದ. ದೊಡ್ಡವೀರರಾಜೇಂದ್ರ ಅದನ್ನು ಮರೆತಿರಲಿಲ್ಲ. ಅವನ ಪ್ರಾಣ ಉಳಿಸಿದ. ಬರಿಗೈಯಲ್ಲಿ ಹೋದರೆ ಟಿಪ್ಪು ಸುಮ್ಮನೆ ಬಿಡುವುದಿಲ್ಲ ಎಂದು ದವಸವನ್ನೂ ಕೋಟೆಯೊಳಗೆ ಹೋಗಲು ಬಿಟ್ಟ. ತಾನೇ ಮುತ್ತಿದ ಕೋಟೆಗೆ ತಾನೇ ಊಟ ಕಳಿಸಿದ ಹಾಗೆ!

ಇಷ್ಟು ಮಾಡಲು ಧೈರ್ಯ ಬಂದದ್ದು ಎಲ್ಲಿಂದ? ನನಗೆ ಅನ್ನಿಸುವುದು ಇದು: ಆ ದವಸ ಎಷ್ಟು ದಿನ ಬಂದೀತು ಎಂದು ಅವನಿಗೆ ಗೊತ್ತಿತ್ತು. ಹಳ್ಳಿಗಳು ತನ್ನವು, ದಾರಿಗಳು ತನ್ನವು. ಕೋಟೆ ಕೆಲವು ವಾರ ಜಾಸ್ತಿ ಉಳಿಯಬಹುದು, ಅಷ್ಟೇ ಅಲ್ವಾ? ಹಾಗೆಯೇ ಆಯಿತು. ಕಾಳು ಮುಗಿಯಿತು, ಜಾಫರ್ ಅಲಿ ಬೇಗ್ ಬಾಗಿಲು ತೆರೆದ. ಒಳಗಿದ್ದ ಪಡೆಯನ್ನು ರಾಜ ಮರ್ಯಾದೆಯಿಂದಲೇ ಕಳಿಸಿಕೊಟ್ಟ. ಟಿಪ್ಪು ಕಲ್ಲು ಕಟ್ಟಿಸಿದ ಕೋಟೆ ಹಾಲೇರಿ ಅರಸರಿಗೆ ಹೀಗೆ ಮರಳಿ ಸಿಕ್ಕಿತು.

ಕೋಟೆ ಸಿಕ್ಕ ಮೇಲೂ ದೊಡ್ಡವೀರರಾಜೇಂದ್ರ ಅದನ್ನು ಪೂರ್ತಿ ನಂಬಲಿಲ್ಲ ಎನ್ನುವುದಕ್ಕೆ ಒಂದು ಸಾಕ್ಷಿ ಇದೆ. 1792ರಿಂದ 1794ರ ಒಳಗೆ ಅವನು ಇನ್ನೊಂದು ಅರಮನೆ ಕಟ್ಟಿಸಿದ. ಕಕ್ಕಬ್ಬೆಯ ಹತ್ತಿರ, ಯವಕಪಾಡಿಯಲ್ಲಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ. ಅದೇ ನಾಲ್ಕುನಾಡು ಅರಮನೆ. ಸುತ್ತ ದೊಡ್ಡ ಕೋಟೆಗೋಡೆ ಇಲ್ಲ. ಕಾಡೇ ಗೋಡೆ. ಒಳಗೆ ಕೆತ್ತಿದ ಮರದ ಕಂಬ, ಬಣ್ಣದ ಚಿತ್ರ, ಅಡಗಿಕೊಳ್ಳಲು ಕತ್ತಲೆ ಕೋಣೆ. ಬೇಟೆಗೆ ಬಂದಾಗ ಉಳಿಯಲೂ ಆಯಿತು, ಶತ್ರು ಬಂದಾಗ ಬಚ್ಚಿಟ್ಟುಕೊಳ್ಳಲೂ ಆಯಿತು. 1796ರಲ್ಲಿ ರಾಣಿ ಮಹದೇವಮ್ಮನ ಜೊತೆ ಅವನ ಮದುವೆ ನಡೆದದ್ದೂ ಅಲ್ಲೇ. ಮುಂದೆ ಇದೇ ಮನೆ ಅವನ ವಂಶದ ಕೊನೆಯ ಅರಸನಿಗೂ ಬೇಕಾಯಿತು.

ಲಿಂಗರಾಜೇಂದ್ರನ ಮನೆ

ನಾವು ಇವತ್ತು ಕೋಟೆಯೊಳಗೆ ನೋಡುವ ಅರಮನೆ ದೊಡ್ಡವೀರರಾಜೇಂದ್ರನ ತಮ್ಮ ಲಿಂಗರಾಜೇಂದ್ರನದು. 1812ರಿಂದ 1814ರವರೆಗೆ ಇಟ್ಟಿಗೆ, ಗಾರೆಯಲ್ಲಿ ಅದನ್ನು ಹೊಸದಾಗಿ ಎಬ್ಬಿಸಿದ. ನಾಲ್ಕು ಬದಿ ಎರಡಂತಸ್ತಿನ ಸಾಲು, ನಡುವೆ ಅಂಗಳ. ಅಂಗಳದಲ್ಲಿ ಕಲ್ಲಿನ ಆಮೆ. ಹೊರಗೆ ಕೋಟೆಯ ಮೂಲೆಯಲ್ಲಿ ಗಾರೆಯ ಎರಡು ಆನೆ, ನಿಜವಾದ ಆನೆಯಷ್ಟೇ ಎತ್ತರ. ಶಾಲೆ ಮಕ್ಕಳೆಲ್ಲ ಮೊದಲು ಓಡುವುದು ಅಲ್ಲಿಗೇ. ನಾನೂ ಓಡಿದ್ದೆ. 1820ರಲ್ಲಿ ಕೆಳಗಿನ ಓಂಕಾರೇಶ್ವರ ದೇವಸ್ಥಾನ ಕಟ್ಟಿಸಿದವನೂ ಇವನೇ.

ಕಟ್ಟಡದ ಒಂದು ಗುಣ ಗಮನಿಸಬೇಕು. ಇದು ಹೊಡೆದಾಡಲು ಕಟ್ಟಿದ ಮನೆಯಲ್ಲ. ಉದ್ದುದ್ದ ಸಾಲು, ದೊಡ್ಡ ಕಿಟಕಿಗಳು, ಬೆಳಕು. ಹೊರಗಿನ ಕಲ್ಲಿನ ಸುತ್ತಿಗೂ ಒಳಗಿನ ಈ ತೆರೆದ ಮನೆಗೂ ಸ್ವಭಾವವೇ ಬೇರೆ. ಅಣ್ಣ ಕಾಡಿನಲ್ಲಿ ಅಡಗುವ ಮನೆ ಕಟ್ಟಿದ. ತಮ್ಮನ ಕಾಲಕ್ಕೆ ಟಿಪ್ಪು ಇರಲಿಲ್ಲ, ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಸ್ನೇಹವಿತ್ತು. ಭಯ ಕಡಿಮೆಯಾದ ಕಾಲದ ಮನೆ ಹೀಗಿರುತ್ತದೆ.

1834: ತೆರೆದ ಬಾಗಿಲು

ಲಿಂಗರಾಜೇಂದ್ರನ ಮಗ ಚಿಕ್ಕವೀರರಾಜೇಂದ್ರ 1820ರಲ್ಲಿ ಪಟ್ಟಕ್ಕೆ ಬಂದ. ಗದ್ದುಗೆಗೆ ಅಡ್ಡ ಬಂದಾರು ಎಂಬ ಅನುಮಾನದಲ್ಲಿ ತನ್ನ ರಕ್ತಸಂಬಂಧಿಗಳನ್ನೇ ಕೊಲ್ಲಿಸಿದ. ತಂಗಿ ದೇವಮ್ಮಾಜಿ ಮತ್ತು ಅವಳ ಗಂಡ ಚನ್ನಬಸಪ್ಪ 1832ರಲ್ಲಿ ನಾಡು ಬಿಟ್ಟು ಓಡಿ ಇಂಗ್ಲಿಷರ ಆಸರೆ ಪಡೆದರು. ಅವರನ್ನು ಮರಳಿ ಕೊಡಿ ಎಂದು ಇವನು, ಕೊಡುವುದಿಲ್ಲ ಎಂದು ಅವರು. ಕಂಪನಿಗೆ ಬೇಕಿದ್ದ ನೆಪ ಸಿಕ್ಕಿತು. 1834ರ ಏಪ್ರಿಲ್ ಮೊದಲ ವಾರ ನಾಲ್ಕು ತುಕಡಿಗಳು ಬೇರೆ ಬೇರೆ ದಾರಿಯಿಂದ ಕೊಡಗಿಗೆ ನುಗ್ಗಿದವು.

ಉತ್ತರದ ದಾರಿಯಲ್ಲಿ ಕಡಂಗದ ಬುದ್ಧಿ ಮತ್ತೆ ಕೆಲಸ ಮಾಡಿತು. ಮಾತಂಡ ಅಪ್ಪಚ್ಚು ಮತ್ತು ಅವನ ಜನ ಕಾಡಿನ ತಡೆಗೋಡೆಯ ಹಿಂದೆ ನಿಂತು ಕಂಪನಿಯ ದಂಡಿಗೆ ಭಾರಿ ಪೆಟ್ಟು ಕೊಟ್ಟರು. ತೋಪು, ಕವಾಯತು, ಸಮವಸ್ತ್ರ ಯಾವುದೂ ಅಲ್ಲಿ ಪ್ರಯೋಜನಕ್ಕೆ ಬರಲಿಲ್ಲ. ನಾಡಿನ ಎಲ್ಲ ದಾರಿಯಲ್ಲೂ ಹೀಗೇ ನಡೆದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸದೆ ಇರಲು ನನಗೆ ಆಗುವುದಿಲ್ಲ.

ಪೂರ್ವದಿಂದ ಬಂದ ತುಕಡಿಯ ಜೊತೆ ಕರ್ನಲ್ ಫ್ರೇಸರ್ ಇದ್ದ. ಈಗಿನ ಕುಶಾಲನಗರಕ್ಕೆ ತುಂಬಾ ಕಾಲ ಫ್ರೇಸರ್‌ಪೇಟೆ ಎಂಬ ಹೆಸರಿದ್ದದ್ದು ಇವನಿಂದ. ದಾರಿಯಲ್ಲಿ ದಿವಾನ ಅಪ್ಪಾರಂಡ ಬೋಪು ತನ್ನ ಜನರೊಂದಿಗೆ ಬಂದು ಅವನನ್ನು ಕಂಡ. ಯುದ್ಧಕ್ಕಲ್ಲ, ಕರೆದುಕೊಂಡು ಹೋಗಲು. ಏಪ್ರಿಲ್ 6ರಂದು ಮಡಿಕೇರಿ ಕೋಟೆಯ ಮೇಲೆ ಕಂಪನಿಯ ಬಾವುಟ ಏರಿತು. ಆರು ಬುರುಜುಗಳಲ್ಲಿ ಒಂದೂ ಕಾದಾಡಲಿಲ್ಲ.

ರಾಜ ಕೋಟೆಯಲ್ಲಿ ಇರಲೇ ಇಲ್ಲ. ದೊಡ್ಡಪ್ಪ ಕಟ್ಟಿಸಿದ ನಾಲ್ಕುನಾಡು ಅರಮನೆ ಸೇರಿಕೊಂಡಿದ್ದ. ಆದರೆ ದೊಡ್ಡಪ್ಪನಿಗೆ ಕಾಡಿನಲ್ಲಿ ಜನ ಸಿಕ್ಕಿದ್ದರು, ಇವನಿಗೆ ಸಿಕ್ಕಲಿಲ್ಲ. ಮನೆ ಅದೇ, ಕಾಡು ಅದೇ, ಕತ್ತಲೆ ಕೋಣೆಗಳೂ ಅವೇ. ಕೆಲವೇ ದಿನಗಳಲ್ಲಿ ಶರಣಾದ. ಮೇ 7ರಂದು ಕೊಡಗು ಕಂಪನಿಯ ಆಡಳಿತಕ್ಕೆ ಸೇರಿತು. ಅವನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ, 1859ರಲ್ಲಿ ಅಲ್ಲೇ ತೀರಿಕೊಂಡ.

ಬೋಪು ಮಾಡಿದ್ದು ಸರಿಯಾ ತಪ್ಪಾ ಎಂಬ ವಾದ ನಮ್ಮ ಕಡೆ ಇನ್ನೂ ಮುಗಿದಿಲ್ಲ. ನಾನು ಇಷ್ಟು ಮಾತ್ರ ಹೇಳುತ್ತೇನೆ. 1790ರಲ್ಲಿ ಹೊರಗೆ ನಿಂತ ರಾಜನಿಗೆ ಕೋಟೆ ಗೆದ್ದುಕೊಟ್ಟದ್ದು ಜಮ್ಮಾದ ಜನ. 1834ರಲ್ಲಿ ಕೋಟೆ ಕೈಯಲ್ಲಿದ್ದ ರಾಜನಿಗೆ ಅದನ್ನು ಉಳಿಸಿಕೊಡದೆ ಬಿಟ್ಟದ್ದೂ ಜಮ್ಮಾದ ಜನ. ನಡುವೆ ನಲವತ್ತನಾಲ್ಕು ವರ್ಷ. ಗೋಡೆಗೆ ಏನೂ ಆಗಿರಲಿಲ್ಲ.

ಅರಮನೆ ಕಚೇರಿಯಾಯಿತು

ಇಂಗ್ಲಿಷರು ಅರಮನೆಯನ್ನು ಕೆಡವಲಿಲ್ಲ. ಬೇಕಾದ ಹಾಗೆ ಬದಲಿಸಿಕೊಂಡು ಕೂತರು. ಕೋಟೆಯೊಳಗಿದ್ದ ವೀರಭದ್ರ ದೇವಸ್ಥಾನವನ್ನು ಮಾತ್ರ ಉಳಿಸಲಿಲ್ಲ. ಆ ಜಾಗದಲ್ಲಿ 1859ರ ಹೊತ್ತಿಗೆ ಸೇಂಟ್ ಮಾರ್ಕ್ಸ್ ಚರ್ಚ್ ಎದ್ದಿತು. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಬಣ್ಣದ ಗಾಜಿನ ಕಿಟಕಿಯ ಕೆಳಗೆ ಹಳೆಯ ಕಲ್ಲಿನ ವಿಗ್ರಹಗಳು ನಿಂತಿವೆ. ಜೈಲೂ ಕೋಟೆಯೊಳಗೇ ಬಂತು. 1933ರಲ್ಲಿ ಅರಮನೆಗೆ ಗಡಿಯಾರದ ಗೋಪುರ ಸೇರಿತು. ಕಮಿಷನರ್ ಸಾಹೇಬರ ಕಾರು ನಿಲ್ಲಲು ಮುಂದೊಂದು ಮೊಗಸಾಲೆಯೂ ಬಂತು.

ಕೋಟೆಯ ಬಾಗಿಲ ಬಳಿ ಒಂದು ಕ್ಷಣ ನಿಲ್ಲಬೇಕು. 1837ರಲ್ಲಿ ಕಂಪನಿಯ ವಿರುದ್ಧ ಅಮರಸುಳ್ಯದ ದಂಗೆ ನಡೆಯಿತು. ಅದರಲ್ಲಿ ಮುಂದೆ ನಿಂತ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಇಲ್ಲೇ, ಮನೆಯವರ ಕಣ್ಣೆದುರೇ ಗಲ್ಲಿಗೇರಿಸಿದರು. ಮೂರು ವರ್ಷದ ಹಿಂದೆ ಯಾರೂ ಕಾದಾಡದೆ ತೆರೆದ ಬಾಗಿಲು ಇದು. ಅಪ್ಪ ಪ್ರತಿ ಸಲ ಇಲ್ಲಿ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು.

ರಾಜ ಹೋದರೂ ಜಮ್ಮಾ ಹೋಗಲಿಲ್ಲ. ಇಂಗ್ಲಿಷರು ಅದನ್ನು ಮುಂದುವರಿಸಿದರು. 1861ರಲ್ಲಿ ಕೋವಿಯ ಪರವಾನಗಿಯಿಂದ ವಿನಾಯಿತಿಯನ್ನೂ ಕೊಟ್ಟರು. ಅದು ಇವತ್ತಿಗೂ ನಡೆಯುತ್ತಿದೆ. ಸ್ವಾತಂತ್ರ್ಯ ಬಂದ ಮೇಲೆ ಕೊಡಗು ಕೆಲವು ಕಾಲ ಪ್ರತ್ಯೇಕ ರಾಜ್ಯವಾಗಿತ್ತು. 1952ರಿಂದ 1956ರವರೆಗೆ 24 ಸದಸ್ಯರ ವಿಧಾನಸಭೆ, ಮುಖ್ಯಮಂತ್ರಿ ಸಿ. ಎಂ. ಪೂಣಚ್ಚ. ಕೋಟೆಯ ಹಳೆ ವಿಧಾನ ಸಭಾಂಗಣ ಎಂಬ ಹೆಸರು ಆ ಕಾಲದ್ದು. ಅರಸ, ಕಮಿಷನರ್, ಶಾಸಕ, ಜಿಲ್ಲಾಧಿಕಾರಿ, ಎಲ್ಲರೂ ಇದೇ ಗುಡ್ಡ ಹತ್ತಿದರು. ಜಮ್ಮಾದವರೂ ಹತ್ತುತ್ತಲೇ ಇದ್ದರು. ಮೊದಲು ಕೋವಿ ಹಿಡಿದು, ಆಮೇಲೆ ಅರ್ಜಿ ಹಿಡಿದು.

ಮಾಡಿನ ಮಾತು

ಇನ್ನು ಉಳಿದದ್ದು ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಇಂಥ ಊರಿನಲ್ಲಿ ಇಟ್ಟಿಗೆ ಗಾರೆಯ ಮನೆ ಇನ್ನೂರು ವರ್ಷ ನಿಂತಿದ್ದು ಹೇಗೆ? ಚಿತ್ರದುರ್ಗದ ಮೇಲುದುರ್ಗದಲ್ಲಿ ನಾಯಕರ ಮಣ್ಣಿನ ಅರಮನೆಯ ಮೊಂಡು ಗೋಡೆಗಳಷ್ಟೇ ಉಳಿದಿವೆ. ಅಲ್ಲಿ ಮಳೆ ಕಡಿಮೆ, ಆದರೂ ಹೀಗಾಯಿತು. 1779ರಲ್ಲಿ ಹೈದರ್ ಕೋಟೆ ಹಿಡಿದ ಮೇಲೆ ಅಲ್ಲಿ ವಾಸಿಸುವ ಅರಸರಿರಲಿಲ್ಲ. ಮಡಿಕೇರಿಯಲ್ಲಿ ಅರಸ ಹೋದ ಮರುದಿನವೇ ಇನ್ನೊಬ್ಬ ಬಂದು ಕೂತ. ಒಂದು ಹೆಂಚು ಒಡೆದರೆ ಯಾರದೋ ಮೇಜಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ಕೂಗುತ್ತಿದ್ದರು, ಯಾರೋ ಏಣಿ ತರುತ್ತಿದ್ದರು. ನಾನು ಚಿಕ್ಕಂದಿನಲ್ಲಿ ನೋಡಿದ ಆ ಬೆಂಚು, ಕಡತ, ಟೈಪ್‌ರೈಟರ್ ಎಲ್ಲ ಸೇರಿ ಈ ಅರಮನೆಯನ್ನು ಕಾಪಾಡಿದವು ಎಂದು ಈಗ ಅನ್ನಿಸುತ್ತದೆ.

ಆದರೆ ಕಚೇರಿ ಎಂದರೆ ಸವೆತವೂ ಹೌದು. ಹಳೆ ಗೋಡೆಗೆ ಹೊಸ ಅಡ್ಡಗೋಡೆ, ಮರದ ಕಂಬಕ್ಕೆ ವೈರು. ಜಿಲ್ಲಾಡಳಿತ ಹೊಸ ಕಟ್ಟಡಕ್ಕೆ ಹೋದ ಮೇಲೂ ಕೆಲವು ಕಚೇರಿಗಳು ಇಲ್ಲೇ ಉಳಿದವು. ಮಾಡು ಸೋರತೊಡಗಿತು. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಒಳಗೆ ಕೂತವರು ಒಬ್ಬರು, ದುರಸ್ತಿ ಮಾಡಬೇಕಾದವರು ಇನ್ನೊಬ್ಬರು. ಕೊನೆಗೆ ವಿಷಯ ಹೈಕೋರ್ಟಿಗೆ ಹೋಯಿತು, ಕಚೇರಿಗಳು ಖಾಲಿಯಾದವು, ದುರಸ್ತಿಗೆ ದಾರಿಯಾಯಿತು.

ನನ್ನ ಚಿಂತೆ ದುರಸ್ತಿಯ ಮರುದಿನದ್ದು. ಸುಣ್ಣದ ಗಾರೆ ಕಟ್ಟಬಹುದು, ತೊಲೆ ಬದಲಿಸಬಹುದು. ಆದರೆ ಒಳಗೆ ಯಾರೂ ಇಲ್ಲದಿದ್ದರೆ ಮೊದಲ ಸೋರಿಕೆಯನ್ನು ನೋಡುವವರು ಯಾರು? ಬೀಗ ಹಾಕಿದ ಮನೆಯನ್ನು ಕೊಡಗಿನ ಮಳೆ ಎಷ್ಟು ಬೇಗ ತಿನ್ನುತ್ತದೆ ಎಂದು ಇಲ್ಲಿನ ಎಲ್ಲರಿಗೂ ಗೊತ್ತು. ದಿನಾ ಜನ ಓಡಾಡುವ ಕೆಲಸವೊಂದು ಆ ಕೋಣೆಗಳಿಗೆ ಬೇಕು. ಬರೀ ಕತ್ತಿ ಗುರಾಣಿ ಇಡುವ ಬದಲು ಜಮ್ಮಾದ ಕತೆ ಹೇಳುವ ಜಾಗ ಆಗಲಿ. ನಾಡಿನ ಕಡಂಗಗಳೆಲ್ಲ ಎಲ್ಲೆಲ್ಲಿವೆ ಎಂಬ ದೊಡ್ಡ ನಕ್ಷೆ ಒಂದು ಗೋಡೆಗೆ ಬರಲಿ, ತೋಟದ ವಿಸ್ತರಣೆಯಲ್ಲಿ ಅವು ಮುಚ್ಚಿಹೋಗುವ ಮೊದಲೇ. ಮನೆಮನೆಯಲ್ಲಿ ಇರುವ ಹಳೆ ಕಾಗದಗಳ ಪ್ರತಿ ತೆಗೆದು ಓದಲು ಸಿಗುವ ಹಾಗೆ ಇಡಲಿ.

ಅಪ್ಪನ ಚೀಲ ನನ್ನ ಹತ್ತಿರವೇ ಇದೆ. ಅಂಚುಗಳು ಸ್ವಲ್ಪ ಮಾಸಿವೆ, ಅಕ್ಷರ ಇನ್ನೂ ಓದಲು ಬರುತ್ತದೆ. ಅಂಥ ಕೋಣೆಯೊಂದು ಅಲ್ಲಿ ತೆರೆದ ದಿನ ಅದನ್ನು ಹೊತ್ತುಕೊಂಡು ಆ ಎರಡು ತಿರುವು ದಾಟಿ ನಾನೇ ಹೋಗಿ ಕೊಡುತ್ತೇನೆ.